ಗಂಜಿ ಹಾಕದ ಮಡಿಕೆ

ಅಕ್ಟೋಬರ್ 4, 1937. ಸೋಮವಾರ

ಇಂದೂ ನಡೆಯುತ್ತಲೇ ಹೆಣೆದೆ. ಮನೆಯಿಂದ ಪೀಳಮೇಡು, ಅಲ್ಲಿಂದ ವಾಪಸು. ಕೂತರೆ ಕೈ ಓಡುವುದಿಲ್ಲ. ಶಾಲೆಯನ್ನು ಥರ್ಡ್ ಫಾರಂನಲ್ಲೇ ಬಿಟ್ಟು ಬಂದದ್ದೂ ಅದಕ್ಕೇ. ಮಗನಿಗೆ ಓದು ಹತ್ತಲಿಲ್ಲ ಎಂದು ಅಮ್ಮ ಎಲ್ಲರಿಗೂ ಹೇಳುತ್ತಾಳೆ. ಸುಳ್ಳು. ಓದು ಹತ್ತಿತ್ತು. ಕೂರುವುದು ಹತ್ತಲಿಲ್ಲ.

ಸೈಕಲ್ ಕಡ್ಡಿಗಳೇ ಸೂಜಿ, ತುದಿ ಕಲ್ಲಿಗೆ ಉಜ್ಜಿದ್ದು. ಗಾಡಿ ದಂಡಪಾಣಿ ಎತ್ತು ನಿಲ್ಲಿಸಿ ಕೇಳಿದ: "ಏನ್ಡಾ ನಂಜಪ್ಪಾ, ಮೀನಿಗೆ ಬಲೆಯಾ?"

"ಮಫ್ಲರು."

"ತುದಿ ಎಲ್ಲಿ?"

"ತುದಿ ಇಲ್ಲ. ಬಳೆ ಹಾಗೆ. ತಲೆ ತೂರಿಸಿ ಹಾಕೋದು."

"ನನ್ನ ಎತ್ತಿಗೂ ಒಂದು ಮಾಡ್ಕೊಡು. ಚಳಿಗೆ ಕೆಮ್ಮುತ್ತೆ."

ಅಕ್ಟೋಬರ್ 6

ವಕೀಲರ ಮನೆಯ ವನಮಾಲಾ ಅಮ್ಮ ಕೇಳಿದ ಮಫ್ಲರು ಇದು. ಅಪ್ಪ ನೇಯ್ದ ಸೀರೆ ಕೊಡಲು ಹೋದಾಗ ಜಗಲಿಯಲ್ಲಿ ಅವರು ಹೆಣೆಯುವುದನ್ನು ನೋಡಿಯೇ ನಾನು ಕಲಿತದ್ದು. ಉಣ್ಣೆ ಅವರ ಕುತ್ತಿಗೆಗೆ ತುರಿಕೆ. ಅದಕ್ಕೆ ಸಣ್ಣ ಹತ್ತಿ ನೂಲು. ಸುತ್ತಲೂ ನಿರಿಗೆಯ ಹಾಗೆ ಮಡಿಕೆ ನಿಲ್ಲಬೇಕು, ಒಳಗೂ ಹೊರಗೂ ಒಂದೇ ಮುಖ ಇರಬೇಕು. ಇದಾದರೆ ತಿರುಪ್ಪೂರಿನಲ್ಲಿ ಬನಿಯನ್ ಕಾರ್ಖಾನೆ ನಡೆಸುವ ತಮ್ಮನಿಗೆ ಹೇಳಿ ನನ್ನನ್ನು ಸೇರಿಸುತ್ತಾರಂತೆ. ಅಲ್ಲಿ ಯಂತ್ರದ ಸುತ್ತ ನಡೆಯುತ್ತಲೇ ಕೆಲಸ!

ಇಲ್ಲವಾದರೆ, ದೀಪಾವಳಿ ಕಳೆದು ಹೊಸ ಹಾಸಿನ ಉದ್ದನೂಲು ಮಗ್ಗಕ್ಕೆ ಏರಿಸಿದ ದಿನ ಅಪ್ಪನ ಪಕ್ಕದ ಮಗ್ಗ ನನಗೆ. ಕಾಲೆರಡೂ ಮಗ್ಗದ ಕುಳಿಯೊಳಗೆ... ಬೆಳಗಿನಿಂದ ದೀಪ ಹಚ್ಚುವವರೆಗೆ.

ಅಕ್ಟೋಬರ್ 11

ನೂಲು ಜುಂಗು ಏಳುತ್ತಿದೆ. ಅಮ್ಮ ನೋಡಿ ಬೈದಳು. "ಗಂಜಿ ಕುಡಿಸದೆ ನೂಲು ಮುಟ್ಟೋರುಂಟಾ? ನೇಯೋರ ಮನೇಲಿ ಹುಟ್ಟಿದ್ದೀಯಾ, ಇಲ್ಲಾ?"

ಎಲ್ಲ ಬಿಚ್ಚಿ, ಗಂಜಿಯಲ್ಲಿ ಅದ್ದಿ, ಒಣಗಿಸಿ, ಮತ್ತೆ ಶುರು. ಈಗ ಮಡಿಕೆಗಳು ಕತ್ತಿಯಂಚಿನ ಹಾಗೆ ನಿಲ್ಲುತ್ತಿವೆ.

ಅಕ್ಟೋಬರ್ 28

ಮುಗಿಯಿತು. ಕೊಟ್ಟು ಬಂದೆ. ಕೊಟ್ಟು ಬಂದೆ ಎಂದರೆ ಸುಳ್ಳಾಗುತ್ತದೆ. ನಡೆದದ್ದು ಇದು—

ವನಮಾಲಾ ಅಮ್ಮ ಹಾಕಿಕೊಂಡರು. ತೆಗೆದು, ಒಳಗು ಹೊರಗು ಮಾಡಿ ಮತ್ತೆ ಹಾಕಿಕೊಂಡರು. "ಯಾವ್ದೋ ಇದಕ್ಕೆ ಒಳಮೈ? ನಾಳೆಯೇ ತಮ್ಮನಿಗೆ ಹೇಳ್ತೀನಿ, ಹೋಗು."

ಗೇಟಿನವರೆಗೆ ಹಾರಿಕೊಂಡೇ ಹೋದೆ. ಅಲ್ಲಿ ಕಾಲು ನಿಂತಿತು. ಮಡಿಕೆ ನಿಲ್ಲಿಸಿದ್ದು ನನ್ನ ಹೆಣಿಗೆಯೋ, ಅಮ್ಮನ ಗಂಜಿಯೋ? ಹಿಂದಿರುಗಿ ಒಂದು ಬೋಗುಣಿ ನೀರು ಕೇಳಿದೆ, ಮಫ್ಲರೂ ಇಸಿದುಕೊಂಡೆ. ಅದ್ದಿದೆ. ಮಫ್ಲರು ಬೆಂದ ಸೊಪ್ಪಿನ ಹಾಗೆ ಮಲಗಿತು, ಬಿಸಿಲಿಗೆ ಒಣಗಿದ ಮೇಲೂ ಏಳಲಿಲ್ಲ.

"ಸುಮ್ಮನಿದ್ದಿದ್ರೆ ನಂಗೆ ಗೊತ್ತಾಗ್ತಿತ್ತೇನೋ?"

"ಒಗೆದ ದಿನ ಗೊತ್ತಾಗ್ತಿತ್ತು."

ನಕ್ಕರು. ಆಮೇಲೆ ನಗಲಿಲ್ಲ. "ಈಗ ತಮ್ಮನಿಗೆ ಏನಂತ ಹೇಳಲಿ?"

"ಈಗ ಏನೂ ಹೇಳಬೇಡಿ. ಇನ್ನೊಂದ್ಸಲ ಹೆಣೀತೀನಿ."

ಅಕ್ಟೋಬರ್ 30

ಬಿಚ್ಚಿದೆ. ನೂಲಿನ ಗಂಜಿ ಹೋಗುವವರೆಗೆ ಒಗೆದೆ. ಅಮ್ಮ ಮಾತಾಡುತ್ತಿಲ್ಲ. ಅವಳ ಗಂಜಿಯನ್ನು ವಕೀಲರ ಮನೆಯಲ್ಲಿ ದೂರಿದೆನಂತೆ. ದೂರಲಿಲ್ಲ. ಇದ್ದದ್ದು ಹೇಳಿದೆ.

ಹತ್ತಿಗೆ ಉಣ್ಣೆಯ ಹಾಗೆ ಮತ್ತೆ ಮುದುಡುವ ಗುಣವಿಲ್ಲ. ಮಡಿಯುವ ಜಾಗಕ್ಕೇ ಬೆನ್ನು ಕೊಡಬೇಕು. ಆ ಸಾಲಿನ ಕುಣಿಕೆಯನ್ನು ಒಂದು ಸುತ್ತಿನಲ್ಲಿ ಹೆಣೆದು, ಮುಂದಿನ ಸುತ್ತಿನಲ್ಲಿ ಹೆಣೆಯದೆ ಹಾಗೇ ದಾಟಿಸಿದರೆ? ಬಿಗಿಯುತ್ತದೆ. ಬಿಗಿಯಬೇಕು...

ನವೆಂಬರ್ 17

ದೀಪಾವಳಿ ಬಂತು, ಹೋಯಿತು. ಮಫ್ಲರು ಮುಕ್ಕಾಲು ಆಗಿದೆ. ಅಪ್ಪ ಬೀದಿಯಲ್ಲಿ ಹಾಸು ಚಾಚಿ ಗಂಜಿ ಹಚ್ಚುತ್ತಿದ್ದಾನೆ.

ನವೆಂಬರ್ 22. ಸೋಮವಾರ, ಬೆಳಿಗ್ಗೆ

ಹೊಸ ಹಾಸು ಮಗ್ಗಕ್ಕೇರಿದೆ. ಮಫ್ಲರೂ ಮುಗಿದಿದೆ. ಬಾವಿಕಟ್ಟೆಯಲ್ಲಿ ಅದ್ದುತ್ತಿದ್ದೆ, ಅಪ್ಪ ಬಂದು ನಿಂತ.

"ಗಂಜಿ ಇಲ್ಲದ್ದಾ?"

"ಇಲ್ಲಪ್ಪಾ."

ಕಿತ್ತುಕೊಂಡ. ಪಂಚೆ ಹಿಂಡುವ ಹಾಗೆ ಹಿಂಡಿದ. ಹಗ್ಗದ ಮೇಲೆ ಹಾಕಿದ. "ಒಣಗ್ಲಿ. ಮಡಿಕೆ ನಿಂತ್ರೆ ತಿರುಪ್ಪೂರು. ಬಿದ್ರೆ ಕುಳಿ. ಸರಿಯಾ?"

"ಸರಿ."

ಅದೇ ದಿನ, ಮಧ್ಯಾಹ್ನ

ಇನ್ನೂ ಹಸಿ. ನಾನು ಹಗ್ಗದ ಸುತ್ತ ನಡೆಯುತ್ತಿದ್ದೇನೆ, ನಿಂತು ನಿಂತು ಇದನ್ನು ಬರೆಯುತ್ತಿದ್ದೇನೆ. ಅಪ್ಪ ಮಗ್ಗಕ್ಕೆ ಹೋಗಲೇ ಇಲ್ಲ. ಹಗ್ಗದ ಕೆಳಗೇ ಕುಕ್ಕುರುಗಾಲಲ್ಲಿ ಕೂತಿದ್ದಾನೆ. ಹಾಸು ಕಾಯ್ತಿದೆಯಲ್ಲ ಅಪ್ಪಾ ಎಂದೆ.

"ಕಾಯ್ಲಿ ಬಿಡ್ಡಾ."

ಬಿಸಿಲು ತಿರುಗಿದೆ. ಕೆಳಗಿನ ಅಂಚು ಒಣಗುತ್ತಿದೆ. ಅಮ್ಮನೂ ಬಾಗಿಲಿಗೆ ಬಂದಳು. ಅಪ್ಪ ಎದ್ದು ನಿಂತ. ಮೊದಲನೆಯ ಮಡಿಕೆ, ಯಾರೂ ಮುಟ್ಟದೆ, ತಾನಾಗಿ ಒಳಕ್ಕೆ ಮಡಿದು, ಕತ್ತಿಯಂಚಿನ ಹಾಗೆ—