ದಪ್ಪ ಐರನ್ ಆರಿಸಿಕೊಂಡ ಮಗನಿಗೆ

ಭೀಮನಬೀಡು,
ಗುಂಡ್ಲುಪೇಟೆ ತಾಲ್ಲೂಕು,
ಸೋಮವಾರ, ೬-೨-೨೦೦೬

ಮಗ ಶಾಂತರಾಜುವಿಗೆ ಅವ್ವನ ಆಶೀರ್ವಾದ.

ಮೈ ಹೇಗಿದೆ? ಊಟಿಯಲ್ಲಿ ಈ ಸಲ ಇಬ್ಬನಿ ಹೆಪ್ಪುಗಟ್ಟಿ ಹುಲ್ಲೆಲ್ಲ ಸುಟ್ಟು ಹೋಗಿದೆ ಎಂದು ಬಸ್ಸಿನವರು ಹೇಳುತ್ತಾರೆ. ಕಿವಿಗೆ ಮಫ್ಲರ್ ಸುತ್ತಿಕೊಳ್ಳುತ್ತೀಯೋ, ಇಲ್ಲ ಸಾಹೇಬರ ಮುಂದೆ ಚೆನ್ನಾಗಿ ಕಾಣುವುದಿಲ್ಲವೆಂದು ಮಡಿಸಿ ಇಟ್ಟಿದ್ದೀಯೋ? ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಎರಡು ಹೊತ್ತೂ ತೆಗೆದುಕೊಳ್ಳುತ್ತಿದ್ದೀಯಾ? ಮುದ್ದೆ ಮಾಡಿಕೊಳ್ಳಲು ಸೋಮಾರಿಯಾಗಿ ಪರೋಟ ತಿನ್ನುತ್ತಿದ್ದೀಯ ಎಂಬುದು ನನಗೆ ಗೊತ್ತು, ಅದಕ್ಕೆ ಉತ್ತರ ಬೇಡ. ನಾವು ಇಲ್ಲಿ ಚೆನ್ನಾಗಿದ್ದೇವೆ. ಅರಿಸಿನ ಬೇಯಿಸುವುದು ಮುಗಿಯಿತು. ಕುಮಾರಿ ಅಂಗನವಾಡಿಯ ಕೆಲಸ ಮುಗಿಸಿ ಬಂದ ಮೇಲೆ ದಿನಾ ಸಂಜೆ ಹರಡಿದ ಅರಿಸಿನವನ್ನು ತಿರುವಿ ಹಾಕುತ್ತಾಳೆ. ಹೆಂಡತಿಯಾದ ಅವಳಿಗೆ ಎರಡು ಮಾತು ಬರೆಯುವ ಅಭ್ಯಾಸ ನಿನಗೆ ಈಗ ಯಾಕೋ ತಪ್ಪಿದೆ. ಫೋನಿನಲ್ಲಿ ಕೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನಕ್ಕು ಜಾರಿಕೊಳ್ಳುತ್ತೀಯ. ಕಾಗದವಾದರೆ ನೀನು ಉತ್ತರ ಕೊಡುವವರೆಗೂ ಎದುರಿಗೇ ಇರುತ್ತದೆ.

ಮೊದಲು ನನಗೆ ತಿಳಿದದ್ದನ್ನು ಬರೆಯುತ್ತೇನೆ, ತಪ್ಪಿದ್ದರೆ ನೀನೇ ತಿದ್ದು. ಗಾಲ್ಫ್ ಕ್ಲಬ್ಬಿನಲ್ಲಿ ಸಾಹೇಬರುಗಳ ಚೀಲ ಹೊರಲು, ಅವರು ಹೊಡೆದ ಚೆಂಡು ಎಲ್ಲಿ ಬಿತ್ತೆಂದು ನೋಡಿ ಹೇಳಲು ನೀನು ಸೇರಿ ಈ ವರ್ಷಕ್ಕೆ ಇಪ್ಪತ್ತೈದು ವರ್ಷವಾಯಿತು. ಅದರ ನೆನಪಿಗೆ, ನೀನು ಯಾವಾಗಲೂ ಚೀಲ ಹೊರುವ ಕರ್ನಲ್ ಸಾಹೇಬರು ನಿನಗೊಂದು ಹೊಸ ಐರನ್ ಸೆಟ್ಟು, ಅದೇ ಚೆಂಡು ಹೊಡೆಯುವ ಕಬ್ಬಿಣದ ತಲೆಯ ಕೋಲುಗಳನ್ನು, ಕೊಡಿಸುತ್ತೇನೆ ಎಂದರು. ಯಾವುದು ಬೇಕೆಂದು ಆರಿಸುವುದು ನಿನಗೇ ಬಿಟ್ಟದ್ದು. ಕ್ಲಬ್ಬಿನ ಅಂಗಡಿಯವನು ಎರಡು ಸೆಟ್ಟು ಕೊಟ್ಟು, ಹೊಡೆದು ನೋಡಿ ಒಂದನ್ನು ಇಟ್ಟುಕೋ, ಇನ್ನೊಂದನ್ನು ವಾಪಸು ತಾ ಎಂದ. ನೀನು ಸಂಕ್ರಾಂತಿಗೆ ಎರಡನ್ನೂ ಹೊತ್ತುಕೊಂಡು ಬಂದು, ಹುರುಳಿ ಕಿತ್ತ ನಮ್ಮ ಹೊಲದಲ್ಲಿ ನಾಲ್ಕು ದಿನ ಹೊಡೆದೆ. ಐದನೆಯ ದಿನ ತೆಳ್ಳಗಿನ ಸೆಟ್ಟನ್ನು ಹಿಂದಿರುಗಿಸಲು ಕಟ್ಟಿಟ್ಟು ದಪ್ಪಗಿನದನ್ನು ನಿನ್ನದು ಮಾಡಿಕೊಂಡೆ. ಇಲ್ಲಿಯವರೆಗೆ ಸರಿಯಷ್ಟೆ? ನನ್ನ ಅನುಮಾನ ಶುರುವಾಗುವುದು ಆ ಐದನೆಯ ದಿನದಿಂದ. ನೀನು ಏನನ್ನೋ ಮುಚ್ಚಿಡುತ್ತಿದ್ದೀಯ. ಅದು ಏನೆಂದು ತಿಳಿಯದೆ ಸುಮ್ಮನಾಗುವವಳು ನಾನಲ್ಲ ಎಂಬುದು ನಿನಗೂ ಗೊತ್ತು.

ಆ ಎರಡು ಬಗೆಯ ಐರನ್ನಿನ ವ್ಯತ್ಯಾಸವನ್ನು ನನಗೆ ಕಲಿಸಿದವನು ನೀನೇ. ತೆಳ್ಳಗಿನದರ ಬೆನ್ನು ಸಪಾಟು. ಚೆಂಡು ಅದರ ಮುಖದ ನಟ್ಟನಡುವೆ ತಾಗಿದರೆ ಮಾತ್ರ ಹೇಳಿದ ಮಾತು ಕೇಳುತ್ತದೆ. ಒಂದು ಬೆರಳು ಆಚೀಚೆಯಾದರೆ ಚೆಂಡು ಎಲ್ಲಿಗೋ ಹೋಗುತ್ತದೆ, ಕೈ ಜುಮ್ಮೆನ್ನುತ್ತದೆ. ದಪ್ಪಗಿನದರ ಬೆನ್ನನ್ನು ತೋಡಿ, ಆ ಭಾರವನ್ನೆಲ್ಲ ಅಂಚಿನ ಸುತ್ತ ಇಟ್ಟಿರುತ್ತಾರೆ, ಅಡಿಯೂ ಅಗಲ. ತುದಿಗೆ ತಾಗಲಿ, ಬುಡಕ್ಕೆ ತಾಗಲಿ, ಚೆಂಡು ಹೆಚ್ಚುಕಡಿಮೆ ನೆಟ್ಟಗೇ ಹೋಗುತ್ತದೆ. 'ಅದು ತಪ್ಪ ಮನ್ನಿಸೋ ಕೋಲು ಕಣವ್ವ. ಒಟ್ಟೆ ಬಂದಿರೋ ಸಾಯೇಬ್ರುಗ ಅಂತ ಮಾಡಿರದು. ಎಂಗ್ ಬೀಸುದ್ರೂ ಓಯ್ತದ' ಎಂದು ನೀನು ಎಷ್ಟು ಸಲ ನಕ್ಕಿದ್ದೀಯ. ಹಳೆಯ ಸಾಹೇಬರೊಬ್ಬರು ಬಿಟ್ಟುಕೊಟ್ಟ ಆ ತೆಳ್ಳನೆಯ ಏಳನೇ ನಂಬರಿನ ಐರನ್ನನ್ನು ನೀನು ಇಪ್ಪತ್ತು ವರ್ಷ ಮಗುವಿನ ಹಾಗೆ ನೋಡಿಕೊಂಡೆ. ಆಟ ನನಗೆ ತಿಳಿಯದಿದ್ದರೂ ಆ ಕೋಲಿನ ಮೇಲೆ ನನಗೆ ಗೌರವವಿತ್ತು. ತಪ್ಪನ್ನು ತಪ್ಪೆಂದು ಹೊಡೆದ ಕೈಗೇ ಹೇಳುವ ಸಾಮಾನು ಈಗ ಎಲ್ಲಿ ಸಿಗುತ್ತದೆ?

ಅಂಥವನು ದಪ್ಪಗಿನದನ್ನು ಇಟ್ಟುಕೊಂಡಾಗ ಇದು ನಿನಗಲ್ಲ, ಇನ್ನು ಯಾರಿಗೋ ಎಂದುಕೊಂಡೆ. ಊಟಿಯಲ್ಲಿ ಎರಡನೇ ಸಂಸಾರ ಹೂಡಿದ್ದೀಯೋ ಎಂದೂ ಒಂದು ಗಳಿಗೆ ಅನ್ನಿಸಿತು. ಅನ್ನಿಸಿದ್ದನ್ನು ಬರೆಯುವುದಕ್ಕೆ ನನಗೆ ಸಂಕೋಚವಿಲ್ಲ. ಆಮೇಲೆ, ಮಾರುವುದಕ್ಕಿರಬೇಕು, ದಪ್ಪಗಿನದು ಬೇಗ ಮಾರಾಟವಾಗುತ್ತದೆ ಎಂದುಕೊಂಡೆ. ಆದರೆ ಚೀಲದ ಮೇಲೆ ನಿನ್ನ ಹೆಸರು ಬರೆಸಿದ್ದೆಯಲ್ಲ. ಮಾರುವವನು ಹೆಸರು ಬರೆಸುವುದಿಲ್ಲ. ಅಷ್ಟಕ್ಕೂ ಅದನ್ನು ಬರೆದವಳು ಕುಮಾರಿ. ಹೈಸ್ಕೂಲಿನಲ್ಲಿ ಬೋರ್ಡಿನ ಮೇಲೆ ದಿನದ ಸುಭಾಷಿತ ಬರೆಯುತ್ತಿದ್ದ ನೀನು ನಿನ್ನ ಹೆಸರನ್ನು ಹೆಂಡತಿಯ ಕೈಲಿ ಯಾಕೆ ಬರೆಸಿದೆ ಎಂಬ ಪ್ರಶ್ನೆ ಆಗ ನನಗೆ ಹೊಳೆಯಲಿಲ್ಲ. ಕ್ಲಬ್ಬಿನವರು ನಿನ್ನನ್ನು ಕೆಲಸದಿಂದ ಬಿಡಿಸುತ್ತಿರಬೇಕು, ಈ ಉಡುಗೊರೆ ಅದರ ಮುನ್ಸೂಚನೆ ಎಂದೂ ಯೋಚಿಸಿದೆ. ಕೊನೆಗೆ ನಿನ್ನನ್ನೇ ಕೇಳಿದೆ. 'ವಯಸ್ಸಾಯ್ತು ಬುಡವ್ವ, ನಂಗೂ ಮೆತ್ತಗಿರದೇ ಬೇಕು' ಎಂದೆ. ನಲವತ್ತೇಳು ವರ್ಷದವನು ವಯಸ್ಸಾಯಿತು ಎನ್ನುವುದನ್ನು ಎಪ್ಪತ್ತು ದಾಟಿದ ನಾನು ನಂಬಬೇಕೇ?

ನೀನು ಬಸ್ಸು ಹತ್ತಿದ ಮೇಲೆ ಹೊಲದಲ್ಲಿ ಕಂಡದ್ದನ್ನೆಲ್ಲ ಒಂದೊಂದಾಗಿ ನೆನೆಸಿಕೊಂಡೆ. ಹಿಂದೆಲ್ಲ ನೀನು ಚೆಂಡು ಹೊಡೆದು, ಹಣೆಗೆ ಕೈ ಹಿಡಿದು, ಅದು ಬೀಳುವವರೆಗೂ ನೋಡುತ್ತಿದ್ದೆ. ಹೊಂಗೆ ಮರದ ಎಡಕ್ಕೆ ಮೂರು ಮಾರು ಎಂದು ಹೇಳಿ ನೆಟ್ಟಗೆ ಅಲ್ಲಿಗೇ ನಡೆಯುತ್ತಿದ್ದೆ. ಈ ಸಲ ಹೊಡೆದ ಮೇಲೆ ತಲೆಯನ್ನು ಒಂದು ಕಡೆಗೆ ವಾಲಿಸಿ ನಿಲ್ಲುತ್ತಿದ್ದೆ, ಬೀಳುವ ಸದ್ದಿಗೆ ಕಾಯುವವನಂತೆ. ಆಮೇಲೆ ಬದುವಿನ ಮೇಲೆ ಕೂತಿದ್ದ ನನ್ನ ಕಡೆ ತಿರುಗಿ, 'ಎಲ್ ಬಿತ್ತು ಏಳವ್ವ ನೋಡನ. ಆಪರೇಸನ್ ಆದ ಕಣ್ಣು ಎಂಗದ ಅಂತ ಪರೀಕ್ಸೆ ಮಾಡ್ತೀನಿ' ಎನ್ನುತ್ತಿದ್ದೆ. ನಾನು ಹೆಮ್ಮೆಯಿಂದ ಒಂದೊಂದನ್ನೂ ತೋರಿಸಿದೆ. ನಾಲ್ಕು ದಿನ ನನ್ನ ಕಣ್ಣನ್ನು ನನಗೇ ತಿಳಿಯದ ಹಾಗೆ ದುಡಿಸಿಕೊಂಡೆಯಲ್ಲ, ನೀನು ಜಾಣ. ಪಕ್ಕದ ಹೊಲದ ಚಿಕ್ಕಬಸವಯ್ಯ ಬದುವಿನಾಚೆ ನಿಂತು ಎರಡು ಸಲ ಕೈ ಎತ್ತಿದ, ನೀನು ಕೈ ಎತ್ತಲಿಲ್ಲ. 'ಏನ್ಲಾ ಶಾಂತ, ಕೋಲು ಬಂದ್ ಮೇಲ ದೊಡ್ಮನ್ಸ ಆಗ್ಬುಟ್ಟಾ? ಉರ್ಳಿ ಕಿತ್ತು ಮೊಟ್ಟೆ ಬಿತ್ತಿದ್ದಯಲ್ಲ, ಪಲ್ಲ ಎಷ್ಟು ಬತ್ತದ?' ಎಂದು ಅವನು ಬಾಯಿ ಬಿಟ್ಟ ಮೇಲೆಯೇ ನೀನು ನಕ್ಕು ಮಾತಾಡಿದ್ದು. ಸಾಹೇಬರ ಜೊತೆ ಸೇರಿ ನಿನಗೆ ಸೊಕ್ಕು ಬಂದಿದೆ ಎಂದು ಅವನು ಊರೆಲ್ಲ ಹೇಳಿಕೊಂಡು ಬಂದಿದ್ದಾನೆ. ಹೇಳಲಿ ಬಿಡು, ಸದ್ಯಕ್ಕೆ ಅದೇ ಒಳ್ಳೆಯದು.

ಇದಾವುದೂ ಸಾಕ್ಷಿಯಲ್ಲ, ಬರೀ ಅನುಮಾನ ಎನ್ನುತ್ತೀಯ. ಸಾಕ್ಷಿ ಇದೆ. ಬೇರೆಯವರ ಸಾಮಾನನ್ನು ಮಣ್ಣು ಮೆತ್ತಿದ ಹಾಗೇ ಹಿಂದಿರುಗಿಸುವುದು ನಮ್ಮ ಮನೆಯ ಪದ್ಧತಿಯಲ್ಲ. ನೀನು ಕ್ಷೌರಕ್ಕೆಂದು ಗುಂಡ್ಲುಪೇಟೆಗೆ ಹೋಗಿದ್ದಾಗ ತೆಳ್ಳಗಿನ ಸೆಟ್ಟನ್ನು ಹಿತ್ತಲಿಗೆ ತೆಗೆದುಕೊಂಡು ಹೋಗಿ ತೆಂಗಿನ ನಾರಿನಲ್ಲಿ ಉಜ್ಜಿದೆ. ಉಜ್ಜುವ ಮೊದಲು ನೋಡಿದೆ. ಒಂದೊಂದರ ಮುಖದಲ್ಲೂ ಚೆಂಡು ತಾಗಿದ ಕಡೆ ಕೆಮ್ಮಣ್ಣಿನ ಗುಂಡು ಗುರುತು. ಒಂದು ತುದಿಯಲ್ಲಿ, ಒಂದು ಬುಡದಲ್ಲಿ, ಒಂದು ತೀರಾ ಕೆಳಗಿನ ಅಂಚಿನಲ್ಲಿ. ಅಟ್ಟದ ಮೇಲಿದ್ದ ನಿನ್ನ ಹಳೆಯ ಏಳನೇ ನಂಬರನ್ನು ಇಳಿಸಿ ಪಕ್ಕದಲ್ಲಿಟ್ಟೆ. ಅದರ ಮುಖದ ನಡುವೆ ಎಂಟಾಣೆಯಷ್ಟಗಲ ಸವೆದು ಬೆಳ್ಳಗಾಗಿದೆ. ಉಳಿದ ಕಡೆ ಗೀರೂ ಇಲ್ಲ. ಇಪ್ಪತ್ತು ವರ್ಷ ಒಂದೇ ಜಾಗಕ್ಕೆ ಹೊಡೆದ ಕೈ ನಾಲ್ಕು ದಿನದಲ್ಲಿ ಹಾಗೆ ಚೆಲ್ಲಾಪಿಲ್ಲಿಯಾಗುವುದಿಲ್ಲ. ನಿನ್ನ ಬೀಸು ಮೊದಲಿನ ಹಾಗೇ ಇತ್ತು, ನಾನು ನೋಡಿದ್ದೇನೆ. ಕಾಲ ಬಳಿಯಿರುವ ಚೆಂಡೇ ನಿನಗೆ ಸರಿಯಾಗಿ ಕಾಣುತ್ತಿಲ್ಲ. ನಿನ್ನ ಕಣ್ಣು ಮಂಜಾಗಿದೆ, ಶಾಂತು. ನೀನು ದಪ್ಪಗಿನದನ್ನು ಆರಿಸಿದ್ದು ಅದಕ್ಕೆ.

ಕಳೆದ ಶನಿವಾರದ ಹಿಂದಿನ ಶನಿವಾರ ಕರ್ನಲ್ ಸಾಹೇಬರು ಹೆಂಡತಿಯ ಜೊತೆ ಗೋಪಾಲಸ್ವಾಮಿ ಬೆಟ್ಟಕ್ಕೆ ಬಂದವರು, ನೀನು ಕಳಿಸಿದ ವರ್ಕಿ ಬಿಸ್ಕತ್ತಿನ ಪೊಟ್ಟಣ ಕೊಡಲು ನಮ್ಮ ಮನೆಗೂ ಬಂದರು. ಇವರಿಗೆ ವಿಷಯ ತಿಳಿದು ನನ್ನನ್ನು ಕೆದಕಲು ಬಂದಿದ್ದಾರೋ ಎಂದು ನಾನು ಎಚ್ಚರವಾಗಿಯೇ ಇದ್ದೆ. ಕೊಡಗಿನವರಾದ್ದರಿಂದ ಮಾತಿಗೆ ತೊಂದರೆಯಿರಲಿಲ್ಲ. 'ನಿಮ್ಮ ಮಗ ತೆಳ್ಳಗಿನದನ್ನೇ ತೆಗೆದುಕೊಳ್ಳುತ್ತಾನೆ ಅಂತ ಗೆಳೆಯರ ಹತ್ತಿರ ಬೆಟ್ ಕಟ್ಟಿದ್ದೆ ಅಮ್ಮ, ಸೋತೆ' ಎಂದು ನಕ್ಕರು. ಕಾಫಿ ಕುಡಿಯುತ್ತ, 'ಶಾಂತನದು ಹದ್ದಿನ ಕಣ್ಣು. ನಾನೇ ಕೆಟ್ಟೆ. ಈ ವರ್ಷ ಎಷ್ಟು ಚೆಂಡು ಕಳೆದಿದ್ದೇನೋ ಲೆಕ್ಕವಿಲ್ಲ. ಎಲ್ಲೆಲ್ಲಿಗೋ ಹೊಡೆಯುತ್ತೇನೆ, ಅವನಿಗೂ ಸಿಗುವುದಿಲ್ಲ. ಇನ್ನು ಆಟ ಬಿಟ್ಟುಬಿಡಬೇಕು' ಎಂದರು. ಅವರ ಹೆಂಡತಿ ಏನೋ ಸಮಾಧಾನ ಹೇಳಿದರು. ನಾನು ಇನ್ನೊಂದು ಲೋಟ ಕಾಫಿ ಕೊಟ್ಟೆ. ನನ್ನ ಮಗನ ಮಾತನ್ನು ನನ್ನ ಮಗನೇ ಆಡಬೇಕು. ಆದರೆ ಒಂದು ಕೇಳುತ್ತೇನೆ. ನಿನ್ನ ಕಣ್ಣಿಗೆ ಬೀಳದ ಚೆಂಡಿಗಾಗಿ ಆ ಮುದುಕರು ತಮ್ಮ ಕೈಯನ್ನು ಬೈದುಕೊಳ್ಳುವಾಗ ಪಕ್ಕದಲ್ಲಿ ನಿಂತು ಹೌದು ಸಾರ್ ಎನ್ನುವುದು ನಿನಗೆ ಹೇಗೆ ಸಾಧ್ಯವಾಗುತ್ತದೆ?

ಹೇಗೆ ಸಾಧ್ಯವಾಗುತ್ತದೆ ಎಂದು ಕೇಳಲು ನನಗೆ ಬಾಯಿಲ್ಲ. ಇದನ್ನು ಮೂರು ದಿನ ಯೋಚಿಸಿ ಬರೆಯುತ್ತಿದ್ದೇನೆ. ನನ್ನ ಕಣ್ಣಿನ ಪೊರೆ ತೆಗೆಸುವ ಮೊದಲು ಒಂದೂವರೆ ವರ್ಷ ನಾನೂ ಯಾರಿಗೂ ಹೇಳಲಿಲ್ಲ. ಬಾಗಿಲಿಂದ ಕೊಟ್ಟಿಗೆಗೆ ಹೆಜ್ಜೆ ಎಣಿಸುತ್ತಿದ್ದೆ. ಬಂದವರನ್ನು ಚಪ್ಪಲಿ ಸದ್ದಿನಲ್ಲಿ ಗುರುತಿಸುತ್ತಿದ್ದೆ. ಓದುವುದನ್ನು ಮರೆಯಬಾರದೆಂದು ಬುದ್ಧಿ ಹೇಳಿ ಕುಮಾರಿಯ ಕೈಲಿ ಪೇಪರು ಓದಿಸುತ್ತಿದ್ದೆ. ಈ ಬೀದಿಯಲ್ಲಿ ಗುಂಡ್ಲುಪೇಟೆಗೆ ನಡೆದು ಹೈಸ್ಕೂಲು ಓದಿದ ಮೊದಲ ಹೆಂಗಸು ನಾನು. ನನಗೆ ಅಕ್ಷರ ಕಾಣುವುದಿಲ್ಲ ಎಂದು ಹೇಗೆ ಹೇಳಲಿ? ಲೋಟಕ್ಕೆ ನೀರು ಬಗ್ಗಿಸುವಾಗ ಅಂಚಿಗೆ ಬೆರಳಿಡುವುದು ನಾನು ಆಗ ಕಂಡುಕೊಂಡ ಉಪಾಯ. ಸಂಕ್ರಾಂತಿಯ ಊಟದಲ್ಲಿ ನಿನ್ನ ಬೆರಳು ಲೋಟದ ಅಂಚಿನಲ್ಲಿತ್ತು. ಇನ್ನೊಂದು ವಿಷಯ. ಆ ವರ್ಷ ನನ್ನ ಕಾಲಿಗೆ ಬಿಸಿನೀರು ಬಿದ್ದು ಸುಟ್ಟಿತಲ್ಲ, ಕುಮಾರಿ ಹಂಡೆಯ ಬಳಿ ನೀರು ಚೆಲ್ಲಿದ್ದಳು, ಅದಕ್ಕೇ ಜಾರಿದೆ ಎಂದು ನಾನು ಹೇಳಿದೆ, ನೀನು ಅವಳನ್ನು ಬೈದೆ. ನೆಲ ಒಣಗಿತ್ತು. ಬಕೆಟ್ಟು ಎಲ್ಲಿದೆ ಎಂದು ಕಾಣದೆ ನಾನೇ ಕಾಲ ಮೇಲೆ ಹೊಯ್ದುಕೊಂಡೆ. ನಿನ್ನೆ ಅವಳಿಗೆ ಇದನ್ನು ಹೇಳಿದೆ. ಅರಿಸಿನದಿಂದ ತಲೆ ಎತ್ತದೆ, 'ನಂಗ ಆವತ್ತೇ ಗೊತ್ತಿತ್ತು ಬುಡಿ ಅತ್ತೆ' ಎಂದಳು. ಅಷ್ಟೇ. ನಿನ್ನ ವಿಷಯ ಅವಳಿಗೆ ಹೇಳಿಲ್ಲ. ಗೊತ್ತಿದ್ದರೂ ಇರಬಹುದು. ಈ ಮನೆಯಲ್ಲಿ ಎಲ್ಲರಿಗೂ ಎಲ್ಲ ಗೊತ್ತಿರುತ್ತದೆ, ಬಾಯಿ ಬಿಡುವವರು ಇಲ್ಲ. ಆ ಬುದ್ಧಿ ಎಲ್ಲಿಂದ ಬಂತೆಂದು ಬೇರೆಯವರನ್ನು ಕೇಳಬೇಕಾಗಿಲ್ಲ.

ಕಳೆದ ಮಂಗಳವಾರ ನನ್ನ ಕನ್ನಡಕ ತೋರಿಸಲು ಚಾಮರಾಜನಗರಕ್ಕೆ ಹೋಗಿದ್ದಾಗ, ಪಕ್ಕದ ಹೊಲದ ಚಿಕ್ಕಬಸವಯ್ಯನಿಗೆ ಹೀಗಾಗಿದೆ ಎಂದು ಸುಳ್ಳು ಹೇಳಿ ಡಾಕ್ಟರನ್ನು ವಿಚಾರಿಸಿದೆ. ಅವರು ಮೊದಲು ಕೇಳಿದ್ದೇ, ಸಕ್ಕರೆ ಇದೆಯಾ ಎಂದು. ಇದೆ ಎಂದೆ. ಬರೀ ಪೊರೆಯಾದರೆ ಹೆದರುವುದು ಬೇಡ, ನಿಮ್ಮ ಹಾಗೆ ತೆಗೆದರೆ ಆಯಿತು, ಆದರೆ ಸಕ್ಕರೆಯಿಂದ ಕಣ್ಣಿನ ಹಿಂದಿನ ಪರದೆ ಕೆಟ್ಟಿದ್ದರೆ ಹೋದ ದೃಷ್ಟಿ ಹೋದದ್ದೇ, ಉಳಿದಿರುವುದನ್ನು ಉಳಿಸಬಹುದು, ಅದೂ ಬೇಗ ಬಂದರೆ ಎಂದರು. ಎಷ್ಟು ಬೇಗ ಎಂದು ಕೇಳಿದೆ. ನಿನ್ನೆಯೇ ಬರಬೇಕಿತ್ತು ಎಂದರು. ಅವರು ತಮಾಷೆ ಮಾಡುವ ಜನ ಅಲ್ಲ.

ಕೆಲಸ ಹೋಗುತ್ತದೆ ಎಂಬ ಭಯ ನಿನಗಿದೆ. ಚೆಂಡು ಕಾಣದವನನ್ನು ಯಾರು ಕರೆಯುತ್ತಾರೆ ಎಂದು ರಾತ್ರಿಯೆಲ್ಲ ಲೆಕ್ಕ ಹಾಕುತ್ತಿರುತ್ತೀಯ. ಹೋದರೆ ಹೋಗಲಿ. ಹೊಲ ಇದೆ, ಕುಮಾರಿಯ ಸಂಬಳ ಇದೆ, ನಾನಿನ್ನೂ ಗಟ್ಟಿಯಾಗಿದ್ದೇನೆ. ಕರ್ನಲ್ ಸಾಹೇಬರಿಗೆ ಮಾತ್ರ ನೀನೇ ಹೋಗಿ ನಿಜ ಹೇಳು. ಅವರ ಕೈ ಸರಿಯಾಗಿದೆ ಎಂದು ಅವರಿಗೆ ತಿಳಿಯಬೇಕು. ನಿನ್ನ ಮೇಲೆ ಅನುಮಾನ ಪಟ್ಟದ್ದಕ್ಕೆ ನಾನು ಬೇಸರಪಡುವುದಿಲ್ಲ. ಎರಡನೇ ಸಂಸಾರದ ವಿಷಯಕ್ಕೆ ಮಾತ್ರ ಸ್ವಲ್ಪ ಪಡುತ್ತೇನೆ.

ಮಾದಪ್ಪ ನಿನ್ನನ್ನು ಕಾಯಲಿ. ಕುಮಾರಿ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ.

ನಿನ್ನನ್ನೂ ನಿನ್ನ ಸುಳ್ಳನ್ನೂ ಬಲ್ಲ ನಿನ್ನ ಅವ್ವ,
ಗುರುಮಲ್ಲಮ್ಮ
(ಗಂಡ ದಿವಂಗತ ದೊಡ್ಡಮಾದಯ್ಯ)

ತಾ.ಕ.: ಟಪಾಲಿನವನು ಜಗಲಿಯ ಮೇಲೆ ಕಾಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಮುಂದಿನ ಮಂಗಳವಾರ, ಹದಿನಾಲ್ಕನೇ ತಾರೀಕು ಬೆಳಿಗ್ಗೆಗೆ, ಚಾಮರಾಜನಗರದ ಡಾಕ್ಟರಲ್ಲಿ ಚಿಕ್ಕಬಸವಯ್ಯನದಲ್ಲ, ನಿನ್ನದೇ ಹೆಸರು ಬರೆಸಿದ್ದೇನೆ. ಅಂಗನವಾಡಿಯ ದಪ್ಪ ಪೆನ್ನಿನಲ್ಲಿ, ಒಂದೊಂದು ಅಕ್ಷರವನ್ನೂ ಹೆಬ್ಬೆರಳಷ್ಟು ಮಾಡಿ, ಮೂವತ್ತೆಂಟು ಹಾಳೆ ಬರೆದದ್ದು ನೀನೇ ಓದಿಕೊಳ್ಳಲೆಂದು. ಇದನ್ನು ಯಾರ ಕೈಲೂ ಓದಿಸಬೇಡ. ಓದಿದ್ದರೆ ಶನಿವಾರದೊಳಗೆ ಫೋನ್ ಮಾಡು. ಫೋನ್ ಬರದಿದ್ದರೆ ನಿನಗೆ ಇಷ್ಟೂ ಕಾಣಲಿಲ್ಲ ಎಂದು ತಿಳಿದುಕೊಂಡು, ಭಾನುವಾರ ಮೊದಲ ಬಸ್ಸಿಗೆ ಕುಮಾರಿಯನ್ನು ಕರೆದುಕೊಂಡು ನಾನೇ ಬರುತ್ತೇನೆ. ನೀನು ಬಸ್‌ಸ್ಟ್ಯಾಂಡಿಗೆ ಬರಬೇಡ, ರೂಮಿನಲ್ಲೇ ಇರು. ದಾರಿ ನಾವು ನೋಡಿಕೊಳ್ಳುತ್ತೇವೆ.