ಗೋಡೆ ಸಂದಿಯ ಕಲ್ಲುಗಳು

ಜುಲೈ ೧೪, ಮಂಗಳವಾರ

ಹಿತ್ತಲ ದಿಬ್ಬವನ್ನು ತಡೆದಿರುವ ಕಲ್ಲುಗೋಡೆ ಉಬ್ಬಿದೆ. ನೋಡಲು ಬಂದ ಮೇಸ್ತ್ರಿ ಸಂದಿಗಳಲ್ಲಿ ಬೆರಳಾಡಿಸಿದ. "ಗೋಡೆ ನಿಲ್ಲೋದೇ ಈ ಸಣ್ಣ ಕಲ್ಲುಗಳಿಂದ ಸಾರ್. ಯಾರೋ ಪುಣ್ಯಾತ್ಮ ಆರಿಸಿ ಆರಿಸಿ ಕಿತ್ಕೊಂಡಿದಾನೆ. ಹಿಂದಿನ ಕೋಣೇಲಿ ಯಾರೂ ಮಲಗ್ಬೇಡಿ."

ಎರಡು ವರ್ಷದಿಂದ ಕಿತ್ತವನು ನಾನೇ. ಚೆಂದದ ಗೆರೆಯಿದ್ದವನ್ನೇ ಹುಡುಕಿ, ಮೋಟಾರಿನಿಂದ ತಿರುಗುವ ಡಬ್ಬಿಯಲ್ಲಿ ವಾರಗಟ್ಟಲೆ ಉರುಳಿಸಿ ಹೊಳಪು ತರಿಸಿದೆ. ಈಗ ಏಳು ಬಾಟಲಿ ತುಂಬಿವೆ. ವಾಪಸು ತುರುಕಿದರೂ ಒಂದೂ ಕಚ್ಚಿ ನಿಲ್ಲದು, ಅಷ್ಟು ನುಣುಪು.

ಅಕ್ಕ ಹಿಂದಿನ ಕೋಣೆ ಬಿಟ್ಟು ಬರಲಿಲ್ಲ. "ಮೂವತ್ತು ವರ್ಷ ನಿಂತ ಗೋಡೆ ಇವತ್ತೇ ಬೀಳತ್ತಾ? ಮೊದಲು ನಿನ್ನ ಡಬ್ಬಿ ನಿಲ್ಸು, ಆ ಗಡಗಡ ಸದ್ದಿಗೆ ನಿದ್ದೆ ಬರಲ್ಲ."

ನಿಜ ಹೇಳಿದ್ದರೆ ಎದ್ದು ಬರುತ್ತಿದ್ದಳು.

ಡಬ್ಬಿ ನಿಲ್ಲಿಸಿ ಹತ್ತು ನಿಮಿಷವಾಯಿತು. ಕಲ್ಲು ಉರುಳುವ ಸದ್ದು ನಿಂತಿಲ್ಲ. ಅಕ್ಕನನ್ನು ಎಬ್ಬಿಸಿ—