ಆಲ್ಡರ್‌ವಿಕ್‌ನ ಹುಲ್ಲುಗಾವಲು

ನಿಜ್ವಾ, ಒಮಾನ್
೯ ಫೆಬ್ರವರಿ ೧೯೮೮

ಪ್ರೀತಿಯ ಉಮಾವತಿಗೆ ಭೋಜರಾಜನ ನೆನಪುಗಳು.

ನಾನೂ ನಿನ್ನ ತಮ್ಮ ಕೊಗ್ಗನೂ ಇಲ್ಲಿ ಆರೋಗ್ಯವಾಗಿದ್ದೇವೆ. ನಿನ್ನ ಎರಡು ಕಾಗದಕ್ಕೆ ಉತ್ತರ ಬರೆಯದೆ ತಿಂಗಳು ಕಳೆಯಿತು, ಸಿಟ್ಟು ಮಾಡಬೇಡ. ಆಫೀಸಿನ ಟೈಪಿಂಗ್ ಮುಗಿದರೆ ಸಾಹೇಬರ ಪುಸ್ತಕದ ಟೈಪಿಂಗ್. ನಮ್ಮ ಇಂಜಿನಿಯರ್ ಹೆನ್ರಿ ಸಾಹೇಬರು ಇಂಗ್ಲೆಂಡಿನ ತಮ್ಮ ಹಳ್ಳಿ ಆಲ್ಡರ್‌ವಿಕ್‌ನ ಚರಿತ್ರೆ ಬರೆಯುತ್ತಿದ್ದಾರೆ.

ಆ ಊರು ನನಗೀಗ ನಮ್ಮ ಕಾಪುವಿಗಿಂತ ಚೆನ್ನಾಗಿ ಗೊತ್ತು, ನಗಬೇಡ. ಗುಡ್ಡದ ಮೇಲೆ ಇಗರ್ಜಿ, ಅದರ ಕೆಳಗೆ ಮೂವತ್ತು ಮನೆ, ಇನ್ನೂ ಕೆಳಗೆ ಹೊಳೆ. ಹೊಳೆಯ ಬದಿಗೆ ಸಮತಟ್ಟಾದ ಚಂದದ ಹುಲ್ಲುಗಾವಲು, ಆದರೆ ಅಲ್ಲಿ ಒಂದೇ ಒಂದು ಮನೆ ಇಲ್ಲ. ಇನ್ನೂರು ವರ್ಷದ ಹಿಂದೆ ಹನ್ನೊಂದು ಇದ್ದವಂತೆ. ಒಂದು ಬೆಳಗ್ಗೆ ನೆರೆ ಬಂದು ಎಲ್ಲವನ್ನೂ ಎಳೆದುಕೊಂಡು ಹೋಯಿತು. ಸತ್ತವರ ಹೆಸರೆಲ್ಲ ಇಗರ್ಜಿಯ ಪುಸ್ತಕದಲ್ಲಿದೆ. ಮೊನ್ನೆ ಆ ಪುಟ ಟೈಪು ಮಾಡಿದೆ. ಎಲಿಜಬೆತ್, ಆರು ವರ್ಷ. ಅವಳ ಅಣ್ಣ, ಒಂಬತ್ತು. ಒಂದೇ ಹೆಸರನ್ನು ಎರಡು ಸಲ ಹೊಡೆದೆ.

ಯಾಕೆಂದರೆ ಕೊಗ್ಗ ಮಲಗುವ ಲೇಬರ್ ಕ್ಯಾಂಪು ಇರುವುದೂ ಅಂಥದೇ ಜಾಗದಲ್ಲಿ. ಇಲ್ಲಿನ ಹೊಳೆಗೆ ವಾದಿ ಅನ್ನುತ್ತಾರೆ. ವರ್ಷವಿಡೀ ಒಣಗಿ ಬಿದ್ದಿರುತ್ತದೆ, ಬರೀ ಉರುಟು ಕಲ್ಲು. ಅದರ ಮಗ್ಗುಲಲ್ಲೇ ತಗಡಿನ ಆರು ಸಾಲು ಕೋಣೆ, ತೊಂಬತ್ತು ಜನ. ನಿನ್ನೆಯಿಂದ ಬೆಟ್ಟದ ಕಡೆ ಮೋಡ ಕಟ್ಟಿದೆ. ನನಗೆ ಹೆದರಿಕೆಯಲ್ಲಿ ಊಟ ಸೇರುತ್ತಿಲ್ಲ.

ನಿನ್ನೆ ಸಂಜೆ ಕ್ಯಾಂಪಿಗೆ ಹೋಗಿ, ನನ್ನ ರೂಮಿಗೆ ಬಾ ಎಂದು ಕೊಗ್ಗನನ್ನು ಕರೆದೆ. ಅವನು ನಕ್ಕುಬಿಟ್ಟ. "ಎಂತ ಭಾವ ನೀವು! ಮೋಡ ನೋಡಿ ಹೆದರುವುದಾ? ಆಟಿ ತಿಂಗಳ ಮಳೆಯಲ್ಲಿ ಈಜಿದವರು ಮಾರಾಯ್ರೆ ನಾವು." ಕ್ಯಾಂಪಿನ ಅಡುಗೆಯವ, ಉಳ್ಳಾಲದ ಇಬ್ರಾಹಿಂ, ಪಕ್ಕದಲ್ಲೇ ಇದ್ದ. ಅವನು ನಗಲಿಲ್ಲ. "ಇಲ್ಲಿ ಮಳೆ ಬೀಳ್ಬೇಕೂಂತ ಇಲ್ಲ ಭೋಜಣ್ಣ. ಬೆಟ್ಟದಲ್ಲಿ ಬಿದ್ರೆ ಸಾಕು, ಇಲ್ಲಿ ಬಿಸಿಲಿರುವಾಗ್ಲೇ ನೀರು ಬರ್ತದೆ. ಬಂದ್ರೆ ಖಲಾಸ್" ಎಂದ. ಆದರೂ ಕೊಗ್ಗ ಬರಲಿಲ್ಲ. ಹಠಮಾರಿ, ನಿನ್ನ ತಮ್ಮನಲ್ಲವೇ!

ನಿನ್ನ ಅಮ್ಮನಿಗೆ ಇದನ್ನೆಲ್ಲ ಓದಿ ಹೇಳಬೇಡ. ಮಕ್ಕಳಿಗೆ ನನ್ನ ಮುತ್ತು. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿನ್ನ,
ಭೋಜರಾಜ

ವಿ.ಸೂ.: ಉಮಾ, ಇದು ಮರೆತದ್ದಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ಕ್ಯಾಂಪು ಕಟ್ಟುವ ಮೊದಲು ಸಾಹೇಬರು, "ಊರಿನ ಹಿರಿಯರನ್ನು ಕೇಳದೆ ಪಾಯ ತೋಡಬಾರದು, ಕೇಳಿಕೊಂಡು ಬಾ" ಎಂದು ನನ್ನನ್ನೇ ಕಳಿಸಿದ್ದರು. ಖರ್ಜೂರದ ತೋಟದ ಮುದುಕರು ಕಾಫಿ ಕೊಟ್ಟರು. ಎರಡೂ ಕೈ ಅಡ್ಡ ಆಡಿಸಿ, ಬೇಡ, ಅಲ್ಲಿ ನೀರು ಬರುತ್ತದೆ ಎಂದರು. ನನಗೆ ಒಳಗೊಳಗೇ ನಗು. ತುಳುನಾಡಿನವನಿಗೆ ಮರುಭೂಮಿಯವರು ನೀರಿನ ವಿಷಯ ಕಲಿಸುವುದೇ ಅಂದುಕೊಂಡೆ. ಅಲ್ಲದೆ ಕ್ಯಾಂಪು ತಡವಾದರೆ ಕೊಗ್ಗನ ವೀಸಾವೂ ತಡವಾಗುತ್ತಿತ್ತು. "ಅವರದೇನೂ ಅಡ್ಡಿಯಿಲ್ಲ ಸರ್" ಎಂದುಬಿಟ್ಟೆ. ಸಾಹೇಬರು ನನ್ನ ಮಾತು ನಂಬಿದರು.

ಈಗ ಕಿಟಕಿಯಿಂದ ಬೆಟ್ಟವೇ ಕಾಣುತ್ತಿಲ್ಲ. ಎರಡು ಸಲ ಸಾಹೇಬರ ಬಾಗಿಲವರೆಗೆ ಹೋಗಿ ವಾಪಸು ಬಂದೆ. ಇದನ್ನು ಮುಗಿಸಿ ಮತ್ತೆ ಏಳುತ್ತೇನೆ, ಎಲ್ಲ ಹೇಳಿಬಿಡುತ್ತೇನೆ. ಕೆಲಸ ಹೋದರೆ ಹೋಗಲಿ, ಕೊಗ್ಗನನ್ನು ಕರೆದುಕೊಂಡೇ ಊರಿಗೆ ಬರುತ್ತೇನೆ. ಒಬ್ಬನೇ ಬಂದರೆ ನನಗೆ ಬಾಗಿಲು ತೆಗೆಯಬೇಡ.